ಸೇವೆ ಮಾಡುವವರ ಮನೆ ಖರ್ಚು

"ಸಮಾಜ ಸೇವೆ ಮಾಡೋರಿಗೆ ಸಂಬಳ ಯಾಕ್ರೀ?"

ಹೊರದೇಶದಲ್ಲಿ ನಾಲ್ಕು ಜನ ಕನ್ನಡಿಗರು ಸೇರಿ ಊರಿನ ಯಾವುದೋ ಶಾಲೆಗೋ ಅನಾಥಾಶ್ರಮಕ್ಕೋ ದುಡ್ಡು ಕೂಡಿಸುವಾಗ ಈ ಪ್ರಶ್ನೆ ಬಂದೇ ಬರುತ್ತೆ. ಬೆಂಚಿಗೆ ಕೊಡೋಣ, ಪುಸ್ತಕಕ್ಕೆ ಕೊಡೋಣ, ಬೋರ್‌ವೆಲ್ಲಿಗೆ ಕೊಡೋಣ, ಆದ್ರೆ ಅಲ್ಲಿ ಕೆಲಸ ಮಾಡೋರ ಸಂಬಳಕ್ಕೆ ಮಾತ್ರ ಬೇಡ! ಹೀಗೆ ಹೇಳೋರು ಕೆಟ್ಟವರೇನೂ ಅಲ್ಲ. ಸೇವೆ ಅಂದ್ರೆ ಪುಕ್ಕಟೆ, ಪುಕ್ಕಟೆ ಇದ್ದರೇನೇ ಪವಿತ್ರ ಅನ್ನೋ ನಂಬಿಕೆ ನಮ್ಮಲ್ಲಿ ಅಷ್ಟು ಆಳಕ್ಕೆ ಇಳಿದಿದೆ. ಅಪ್ರೈಸಲ್‌ನಲ್ಲಿ ಎರಡು ಪರ್ಸೆಂಟ್ ಕಮ್ಮಿ ಕೊಟ್ಟರೆ ವಾರವಿಡೀ ಮುಖ ಊದಿಸಿಕೊಂಡು ಓಡಾಡುವ ನಾವು, ಕಾಡಂಚಿನ ಹಳ್ಳಿಯಲ್ಲಿ ಹತ್ತು ವರ್ಷದಿಂದ ದುಡಿಯುತ್ತಿರುವವರು ಸಂಬಳ ತಗೋತಾರೆ ಅಂದ ಕೂಡಲೇ ಹುಬ್ಬೇರಿಸುತ್ತೇವೆ.

ಈ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆ ಇದೆ. ನಮ್ಮ ದೇಶದ ದೊಡ್ಡ ದೊಡ್ಡವರೇ ಇದರ ಮೇಲೆ ಜಗಳ ಆಡಿದ್ದಾರೆ. ಆ ಕಥೆ ಗೊತ್ತಿದ್ದರೆ ನಮ್ಮ ಚರ್ಚೆ ಸ್ವಲ್ಪ ಬೇರೆ ದಾರಿ ಹಿಡಿಯಬಹುದು ಅನ್ನೋ ಆಸೆಯಿಂದ ಬರೀತಾ ಇದ್ದೀನಿ.

ಶುರು ಮಾಡೋಣ ಪುಣೆಯಿಂದ. 1884ರಲ್ಲಿ ಅಲ್ಲಿ ಡೆಕ್ಕನ್ ಎಜುಕೇಷನ್ ಸೊಸೈಟಿ ಹುಟ್ಟಿತು, ಮರುವರ್ಷ ಅದರ ಫರ್ಗ್ಯುಸನ್ ಕಾಲೇಜು. ತಿಲಕರು, ಆಗರ್ಕರ್, ಆಮೇಲೆ ಬಂದ ಗೋಪಾಲಕೃಷ್ಣ ಗೋಖಲೆ, ಎಲ್ಲರೂ ಅಲ್ಲಿದ್ದವರು. ಆಗ ಬಿ.ಎ. ಮಾಡಿದ ಹುಡುಗನಿಗೆ ಸರ್ಕಾರಿ ನೌಕರಿ ಕೈಗೆಟುಕುವಷ್ಟು ಹತ್ತಿರ. ಅದನ್ನು ಬಿಟ್ಟು ಇಲ್ಲಿಗೆ ಬಂದು ಆಜೀವ ಸದಸ್ಯರಾದವರು 20 ವರ್ಷ ಪಾಠ ಹೇಳುತ್ತೇವೆಂದು ಮಾತು ಕೊಡಬೇಕಿತ್ತು. ಗೋಖಲೆಯವರ ಕಾಲಕ್ಕೆ ಸಂಬಳ ತಿಂಗಳಿಗೆ 75 ರೂಪಾಯಿ. ತ್ಯಾಗವೇ, ಆದರೆ ಲೆಕ್ಕ ಹಾಕಿದ ತ್ಯಾಗ. ಮನೆ ನಡೆಯಬೇಕು, ಶ್ರೀಮಂತರಾಗಬಾರದು, ಅಷ್ಟೇ.

ಜಗಳ ಬಂದಿದ್ದು ಇಲ್ಲೇ ನೋಡಿ. ಸಂಸ್ಥೆ ಕೊಡೋದಷ್ಟೇ ನಮಗೆ ಸಾಕು, ಸಂಬಳ ಏರಿಸೋದು ಬೇಡ, ಹೊರಗೆ ಬೇರೆ ಕೆಲಸ ಮಾಡಿ ಸಂಪಾದಿಸಲೂ ಬಾರದು, ಸಮಯ ಎಲ್ಲ ಸಂಸ್ಥೆಗೇ ಮೀಸಲು ಎಂದು ತಿಲಕರು ಹಠ ಹಿಡಿದರು. ಸಂಸಾರ ಬೆಳೀತಾ ಇದೆ, ಇಷ್ಟರಲ್ಲಿ ಹೇಗೆ ಸಾಗಿಸೋದು ಅನ್ನೋದು ಇನ್ನು ಕೆಲವರ ಪ್ರಶ್ನೆ. ಬೇರೆ ಕಾರಣಗಳೂ ಸೇರಿಕೊಂಡು ಕೊನೆಗೆ 1890ರಲ್ಲಿ ತಿಲಕರು ರಾಜೀನಾಮೆ ಕೊಟ್ಟು ಹೊರನಡೆದರು. ತಿಲಕ-ಗೋಖಲೆ ಅಂದ್ರೆ ಉಗ್ರರು-ಮಂದಗಾಮಿಗಳು ಅಂತ ಶಾಲೆಯಲ್ಲಿ ಉರು ಹೊಡೆದ ನಮಗೆ, ಆ ಬಿರುಕಿನ ಶುರುವಿನಲ್ಲೇ ಮನೆ ಖರ್ಚಿನ ಲೆಕ್ಕವೂ ಇತ್ತು ಅಂತ ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ!

ಇದಾಗಿ ಹದಿನೈದು ವರ್ಷಕ್ಕೆ, 1905ರ ಜೂನ್ 12ರಂದು, ಗೋಖಲೆ ಪುಣೆಯಲ್ಲಿ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ ಕಟ್ಟಿದರು. ದೇಶಸೇವೆಯನ್ನೇ ಪೂರ್ತಿ ಸಮಯದ ಕೆಲಸವಾಗಿ ಮಾಡುವ ಜನ ಬೇಕು, ಬಿಡುವಿದ್ದಾಗ ಮಾಡುವವರಿಂದ ಆಗೋದಿಲ್ಲ ಅನ್ನೋದು ಅವರ ಲೆಕ್ಕಾಚಾರ. ಸೇರುವವರು ಏಳು ಪ್ರತಿಜ್ಞೆ ಮಾಡಬೇಕು. ಅದರಲ್ಲಿ ಒಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟಿದ್ದು. ಸದಸ್ಯನಿಗೂ ಅವನ ಸಂಸಾರಕ್ಕೂ ಸೊಸೈಟಿ ತನ್ನ ಕೈಲಾದ ವ್ಯವಸ್ಥೆ ಮಾಡುತ್ತೆ, ಅವನು ಅದರಲ್ಲಿ ತೃಪ್ತನಾಗಿರಬೇಕು, ತನಗಾಗಿ ದುಡ್ಡು ಸಂಪಾದಿಸೋದಕ್ಕೆ ಶಕ್ತಿ ವ್ಯಯ ಮಾಡಬಾರದು. ನನಗೆ ಕಾಣೋದು, ಹಳೇ ಜಗಳದ ಎರಡೂ ಪಕ್ಷದ ವಾದ ಇಲ್ಲಿ ರಾಜಿಯಾಗಿದೆ. ಹೊರಗಿನ ಸಂಪಾದನೆ ಬೇಡ ಅನ್ನೋದು ತಿಲಕರ ಮಾತು. ಸಂಸಾರದ ಹೊಣೆ ಸಂಸ್ಥೆಯದು ಅನ್ನೋದು ಇನ್ನೊಂದು ಪಕ್ಷದ್ದು.

ಎರಡನೇ ನಿಯಮ ಇನ್ನೂ ಸ್ವಾರಸ್ಯ. ಸೇರಿದ ಕೂಡಲೇ ಭಾಷಣ ಬಿಗಿಯೋ ಹಾಗಿಲ್ಲ. ಐದು ವರ್ಷ ತರಬೇತಿ. ಮೂರು ವರ್ಷ ಪುಣೆಯಲ್ಲಿ ಓದು, ಎರಡು ವರ್ಷ ದೇಶ ಸುತ್ತಾಟ. ಐದು ವರ್ಷ! ನಾವು ಎಂಜಿನಿಯರಿಂಗನ್ನೇ ನಾಲ್ಕು ವರ್ಷಕ್ಕೆ ಮುಗಿಸ್ತೀವಿ. ಒಳ್ಳೇ ಮನಸ್ಸಿದ್ದರೆ ಸಾಲದು, ಸೇವೆಗೂ ಕಲಿಕೆ ಬೇಕು ಅಂತ ಗೋಖಲೆ ಆಗಲೇ ತೀರ್ಮಾನ ಮಾಡಿದ್ದರು.

ಇಷ್ಟೆಲ್ಲ ವ್ಯವಸ್ಥೆ ಮಾಡಿ ಆಗಿದ್ದೇನು? ಒಬ್ಬ ಮನುಷ್ಯನ ಕಥೆ ಹೇಳಿದರೆ ಗೊತ್ತಾಗುತ್ತೆ. ನಮ್ಮಂಥ ಎಂಜಿನಿಯರುಗಳು ಗೋಡೆಗೆ ಫೋಟೋ ಹಾಕಿಕೊಳ್ಳಬೇಕಾದ ವ್ಯಕ್ತಿ ಅವರು. ಹೆಸರು ಅಮೃತಲಾಲ್ ವಿಠಲದಾಸ್ ಠಕ್ಕರ್. ಜನ ಕರೆದಿದ್ದು ಠಕ್ಕರ್ ಬಾಪಾ ಅಂತ.

1869ರಲ್ಲಿ, ಗಾಂಧಿ ಹುಟ್ಟಿದ ವರ್ಷವೇ, ಗುಜರಾತಿನ ಭಾವನಗರದಲ್ಲಿ ಹುಟ್ಟಿದರು. ಪುಣೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದರು. ಪೋರಬಂದರಿನಲ್ಲಿ ಕೆಲಸ ಮಾಡಿದರು. ಆಮೇಲೆ, ಬ್ರಿಟಿಷರು ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ಕಡೆಗೆ ಹಾಕುತ್ತಿದ್ದ ಉಗಾಂಡ ರೈಲ್ವೆಯಲ್ಲಿ ಕೆಲಸಕ್ಕೆಂದು ಆಫ್ರಿಕಾಕ್ಕೆ ಹೊರಟರು. ಅಂದ್ರೆ ಅವರೂ ಒಂದು ಕಾಲದ ಎನ್ನಾರೈ ಎಂಜಿನಿಯರೇ! ವಾಪಸು ಬಂದ ಮೇಲೆ ಸಾಂಗ್ಲಿ ಸಂಸ್ಥಾನದಲ್ಲಿ ಇದ್ದಾಗ ಗೋಖಲೆಯವರ ಪರಿಚಯವಾಯ್ತು. ನಂತರ ಮುಂಬಯಿ ಮುನಿಸಿಪಾಲಿಟಿಯ ನೌಕರಿ.

ಅಲ್ಲಿ ಅವರ ಪಾಲಿಗೆ ಬಂದಿದ್ದು ಊರಿನ ಕಸವನ್ನು ಕುರ್ಲಾ ಕಡೆಗೆ ಸಾಗಿಸುವ ಪುಟ್ಟ ರೈಲಿನ ಉಸ್ತುವಾರಿ. ಕಸ ಎತ್ತುವ ಜನರ ಕೇರಿಗಳು ಕಣ್ಣಿಗೆ ಬಿದ್ದವು. ಕುಡಿಯೋ ನೀರಿಲ್ಲ, ಮಕ್ಕಳಿಗೆ ಶಾಲೆ ಇಲ್ಲ, ಸಾಲ ಮಾತ್ರ ಬೇಕಾದಷ್ಟು. ಅದೇ ಹೊತ್ತಿಗೆ ಅಸ್ಪೃಶ್ಯರ ಶಿಕ್ಷಣಕ್ಕೆ ಮುಂಬಯಿಯಲ್ಲಿ ದುಡಿಯುತ್ತಿದ್ದ ವಿಠ್ಠಲ ರಾಮಜಿ ಶಿಂದೆಯವರ ಒಡನಾಟ ಸಿಕ್ಕಿತು. ಅಂದ ಹಾಗೆ, ಈ ಶಿಂದೆ ನಮ್ಮ ಜಮಖಂಡಿಯಲ್ಲಿ ಹುಟ್ಟಿದವರು. 1906ರಲ್ಲಿ ಮುಂಬಯಿಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸೊಸೈಟಿ ಕಟ್ಟಿದವರು.

ಸಿನಿಮಾ ಆಗಿದ್ದರೆ ಹೀರೋ ಆ ಕೇರಿ ನೋಡಿದ ಸಂಜೆಯೇ ರಾಜೀನಾಮೆ ಬಿಸಾಕಿ ಬರುತ್ತಿದ್ದ. ಠಕ್ಕರ್ ಹಾಗೆ ಮಾಡಲಿಲ್ಲ. ಸಂಸಾರದ ಹೊಣೆಗಳಿದ್ದವು. ತಂದೆ ಬದುಕಿರುವ ತನಕ ನೌಕರಿ ಬಿಡಲಿಲ್ಲ. 1914ರಲ್ಲಿ, 44ನೇ ವಯಸ್ಸಿನಲ್ಲಿ, ಕೆಲಸಕ್ಕೆ ರಾಜೀನಾಮೆ ಕೊಟ್ಟು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ ಸೇರಿದರು. ಅಂದ್ರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಎಂಜಿನಿಯರಾಗಿ ದುಡಿದ ಮೇಲೆ.

ಅಲ್ಲಿಂದ 1951ರ ಜನವರಿಯಲ್ಲಿ ತೀರಿಕೊಳ್ಳುವ ತನಕ, 37 ವರ್ಷ, ಹಿಂತಿರುಗಿ ನೋಡಲಿಲ್ಲ. ಒರಿಸ್ಸಾದ ಬರ ಪರಿಹಾರಕ್ಕೆ ಹೋದರು. ಗುಜರಾತಿನ ಪಂಚಮಹಲ್ ಜಿಲ್ಲೆಯ ಭಿಲ್ಲರ ನಡುವೆ ಭಿಲ್ ಸೇವಾ ಮಂಡಲ ಕಟ್ಟಿದರು. 1932ರಲ್ಲಿ ಹರಿಜನ ಸೇವಕ ಸಂಘ ಹುಟ್ಟಿದಾಗ ಅದರ ಪ್ರಧಾನ ಕಾರ್ಯದರ್ಶಿಯಾದರು. 1933-34ರಲ್ಲಿ ಗಾಂಧೀಜಿ ಅಸ್ಪೃಶ್ಯತೆ ವಿರುದ್ಧ ಒಂಬತ್ತು ತಿಂಗಳು, ಸುಮಾರು 12,500 ಮೈಲಿ ಪ್ರವಾಸ ಮಾಡಿದರಲ್ಲ, ಅದರ ವ್ಯವಸ್ಥೆ ನೋಡಿಕೊಂಡವರಲ್ಲಿ ಇವರೇ ಮುಖ್ಯ. ರೈಲಿನ ಟೈಮು, ಚಂದಾ ಹಣದ ಲೆಕ್ಕ, ಊರೂರಿನ ಏರ್ಪಾಡು, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅಂದ್ರೆ ಇದು ಸ್ವಾಮಿ! ಸ್ವಾತಂತ್ರ್ಯ ಬಂದಾಗ ಸಂವಿಧಾನ ಸಭೆಯ ಸದಸ್ಯರು. ಅಸ್ಸಾಂ ಬಿಟ್ಟು ಉಳಿದ ಆದಿವಾಸಿ ಪ್ರದೇಶಗಳ ಆಡಳಿತ ಹೇಗಿರಬೇಕು ಅಂತ ಪರಿಶೀಲಿಸಿದ ಉಪಸಮಿತಿಗೆ ಅವರೇ ಅಧ್ಯಕ್ಷರು.

ಒಂದು ಬರಗಾಲಕ್ಕೆ ಅಕ್ಕಿ ಹಂಚಿ ಬರೋದಕ್ಕೆ ಉತ್ಸಾಹ ಸಾಕು. ಆದರೆ ಮೂವತ್ತೇಳು ವರ್ಷ ಒಂದೇ ಕೆಲಸಕ್ಕೆ ನಿಲ್ಲೋದಕ್ಕೆ ಉತ್ಸಾಹದ ಜೊತೆಗೆ ಇನ್ನೇನೋ ಬೇಕು. ಠಕ್ಕರ್ ಅವರಿಗೆ ಅದು ಮೂರು ಕಡೆಯಿಂದ ಸಿಕ್ಕಿತ್ತು. ತಾವೇ ಮುಗಿಸಿಕೊಂಡು ಬಂದ ಹೊಣೆಗಳು, ಸಣ್ಣದಾದರೂ ತಪ್ಪದ ಸೊಸೈಟಿಯ ಆಸರೆ, ಮತ್ತೆ ಕೈಯಲ್ಲಿದ್ದ ವಿದ್ಯೆ.

ಈಗ ನಮ್ಮ ಮಂಗಳೂರಿಗೆ ಬನ್ನಿ. ವಕೀಲ ಕುದ್ಮುಲ್ ರಂಗರಾಯರು 1892ರಲ್ಲಿ ಅಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಶಿಂದೆಯವರಿಗಿಂತ ಒಂಬತ್ತು ವರ್ಷ ಮೊದಲು, ಅದೇ ಹೆಸರಿನಲ್ಲಿ! ಸ್ವಂತ ಜಾತಿಯವರ ಬಹಿಷ್ಕಾರ ಎದುರಿಸಿ, ಸ್ವಂತ ದುಡಿಮೆಯನ್ನು ಸುರಿದು ನಡೆಸಿದರು. ಇಂಥ ಏಕಾಂಗಿ ಸಾಹಸಗಳಿಗೆ ಒಂದು ಅಪಾಯ ಇದೆ. ಕಟ್ಟಿದವರಿಗೆ ವಯಸ್ಸಾದ ಮೇಲೆ ಏನು? ರಂಗರಾಯರ ಮಿಷನ್ನಿನ ಹೊಣೆಯನ್ನು ಮುಂದೆ ವಹಿಸಿಕೊಂಡಿದ್ದು ಇದೇ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ. 1928ರಲ್ಲಿ ರಂಗರಾಯರು ಹೋದರು, ಕೆಲಸ ಉಳಿಯಿತು. ಯಾಕೆಂದರೆ ಅದನ್ನು ಎತ್ತಿಕೊಳ್ಳೋದಕ್ಕೆ ತರಬೇತಾದ, ಮನೆ ಖರ್ಚಿಗೆ ಪರದಾಡದ ಜನ ಇದ್ದರು.

ರಂಗರಾಯರು ಮಿಷನ್ ಕಟ್ಟಿದ ಅದೇ 1897ರಲ್ಲಿ, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಟೊರಾಂಟೊದ ಒಂದು ಸಮ್ಮೇಳನದಲ್ಲಿ ಮೇರಿ ರಿಚ್ಮಂಡ್ ಎಂಬ ಮಹಿಳೆ ಎದ್ದು ನಿಂತು, ಬಡವರಿಗೆ ನೆರವಾಗೋರಿಗೂ ತರಬೇತಿ ಶಾಲೆ ಬೇಕು ಅಂದರು. ಮರುವರ್ಷವೇ ನ್ಯೂಯಾರ್ಕಿನಲ್ಲಿ ಬೇಸಿಗೆ ತರಗತಿ ಶುರುವಾಯ್ತು. ಮುಂದೆ ಅದೇ ಬೆಳೆದು ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಕಾರ್ಯ ಶಾಲೆಯಾಯಿತು. ಎಲ್ಲರೂ ಒಪ್ಪಲಿಲ್ಲ. 1915ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅನ್ನುವ ಶಿಕ್ಷಣ ತಜ್ಞ, ಸಮಾಜಕಾರ್ಯಕ್ಕೆ ತನ್ನದೇ ಆದ ವಿಧಾನ ಇಲ್ಲ, ಹಾಗಾಗಿ ಅದಿನ್ನೂ ವೈದ್ಯಕೀಯ, ವಕಾಲತ್ತಿನ ಹಾಗೆ ವೃತ್ತಿ ಅಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದ. ಎರಡೇ ವರ್ಷಕ್ಕೆ ರಿಚ್ಮಂಡ್ 'ಸೋಷಿಯಲ್ ಡಯಾಗ್ನೋಸಿಸ್' ಅನ್ನೋ ದಪ್ಪ ಪುಸ್ತಕ ಹೊರತಂದರು. ಒಂದು ಕುಟುಂಬದ ಕಷ್ಟವನ್ನು ಹೇಗೆ ವಿಚಾರಿಸಬೇಕು, ಹೇಗೆ ಅರ್ಥ ಮಾಡಿಕೊಳ್ಳಬೇಕು ಅಂತ ಅದರಲ್ಲಿ ವಿವರವಾಗಿದೆ.

ಆ ಗಾಳಿ ಭಾರತಕ್ಕೂ ಬೀಸಿತು. ಅಮೆರಿಕದಿಂದ 1925ರಲ್ಲಿ ಮುಂಬಯಿಗೆ ಬಂದ ಕ್ಲಿಫರ್ಡ್ ಮ್ಯಾನ್ಶಾರ್ಟ್ ಎಂಬ ಮಿಷನರಿ ನಾಗಪಾಡಾದ ಬಡ ಬಡಾವಣೆಯಲ್ಲಿ ನೆಲೆ ನಿಂತು ಕೆಲಸ ಮಾಡಿದರು. ಟಾಟಾ ಟ್ರಸ್ಟಿನವರನ್ನು ಒಪ್ಪಿಸಿ 1936ರಲ್ಲಿ ಸರ್ ದೊರಾಬ್ಜಿ ಟಾಟಾ ಗ್ರಾಜುಯೇಟ್ ಸ್ಕೂಲ್ ಆಫ್ ಸೋಷಿಯಲ್ ವರ್ಕ್ ಆರಂಭವಾಗುವಂತೆ ಮಾಡಿದರು. ನಮಗೆಲ್ಲ ಟಿಸ್ ಎಂದು ಗೊತ್ತಿರೋದು ಅದೇ. 1960ರಲ್ಲಿ ರಂಗರಾಯರ ಮಂಗಳೂರಿನಲ್ಲೇ ರೋಶನಿ ನಿಲಯ ಎಂಬ ಸಮಾಜಕಾರ್ಯ ಶಾಲೆ ತೆರೆಯಿತು, ಕ್ರೈಸ್ತ ಸಂನ್ಯಾಸಿನಿಯರ ಸಂಸ್ಥೆಯೊಂದರ ಆಶ್ರಯದಲ್ಲಿ. ಈಗ ಹೆಣ್ಣುಮಕ್ಕಳು, ಹಿಂದೆ ಆಸ್ತಿಪಾಸ್ತಿ ಇಲ್ಲದ ಮನೆಯ ಹುಡುಗರು, ಎಂ.ಎಸ್.ಡಬ್ಲ್ಯೂ. ಓದಿ ಈ ಕೆಲಸವನ್ನೇ ಜೀವನೋಪಾಯ ಮಾಡಿಕೊಳ್ಳೋ ದಾರಿ ಇದೆ.

ಈ ಬದಲಾವಣೆ ಸಣ್ಣದಲ್ಲ. ಗೋಖಲೆಯವರ ಮಾದರಿಯಲ್ಲಿ ಒಂದು ಕೊರತೆ ಇತ್ತು. ಅವರ ಜೊತೆ ಮೊದಲು ಪ್ರತಿಜ್ಞೆ ಮಾಡಿದವರೆಲ್ಲ ಗಂಡಸರು, ಓದಿದವರು, ಮೇಲ್ಜಾತಿಯವರು. ಆ ಸಣ್ಣ ಭತ್ಯೆಯಲ್ಲಿ ಮನೆ ತೂಗಿಸಿದ ಹೆಂಡಂದಿರ ತ್ಯಾಗಕ್ಕೆ ಪ್ರತಿಜ್ಞೆಯೂ ಇಲ್ಲ, ಫೋಟೋನೂ ಇಲ್ಲ. ಸೇವೆ ಪುಕ್ಕಟೆಯೇ ಇರಬೇಕು ಅಂದ್ರೆ ಅದು ಉಳ್ಳವರ ಮನೆಯ ಹವ್ಯಾಸ ಆಗುತ್ತೆ. ಕೇರಿಯಲ್ಲೇ ಹುಟ್ಟಿ, ಕೇರಿಯ ಕಷ್ಟ ಬಲ್ಲ ಹುಡುಗಿ ಅದೇ ಕೇರಿಗೆ ಕೆಲಸಗಾರಳಾಗಿ ಬರಬೇಕಾದರೆ ಅವಳಿಗೆ ತಿಂಗಳ ಒಂದನೇ ತಾರೀಕು ಸಂಬಳ ಬರಲೇಬೇಕು.

ಈಗ ನಮ್ಮ ದುಡ್ಡಿನ ಮಾತು. 2020ರಲ್ಲಿ ಭಾರತದ ವಿದೇಶಿ ದೇಣಿಗೆ ಕಾಯ್ದೆಗೆ ತಂದ ತಿದ್ದುಪಡಿ, ಸಂಸ್ಥೆಗಳು ಆ ಹಣದಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಪಾಲನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿತು. ಲೆಕ್ಕ ಬರೆಯೋರು, ಕಚೇರಿ ನಡೆಸೋರು ಎಲ್ಲ ಆ ಇಪ್ಪತ್ತರಲ್ಲೇ. ಇಲ್ಲಿ ನಮ್ಮಂಥವರಿಗೆ ಒಂದು ಅನುಕೂಲ ಇದೆ. ಹೊರಗಿದ್ದರೂ ಭಾರತೀಯ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ಹಣ ಕಾಯ್ದೆಯ ಪ್ರಕಾರ ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ತಗೊಂಡವರು ಕೊಟ್ಟರೆ ಅದು ವಿದೇಶಿ ದೇಣಿಗೆ. ಅಂದ್ರೆ ಸಂಬಳಕ್ಕೆ, ತರಬೇತಿಗೆ, ಲೆಕ್ಕಪತ್ರಕ್ಕೆ ಬಳಸಿಕೊಳ್ಳಿ ಅಂತ ಹೇಳಿ ಕೊಡೋ ಸ್ವಾತಂತ್ರ್ಯ ನಮ್ಮಲ್ಲಿ ಅನೇಕರಿಗೆ ಇದೆ. ಬೆಂಚಿನ ಮೇಲೆ ಹೆಸರು ಬರೆಸೋ ಹಾಗೆ ಇದಕ್ಕೆ ಹೆಸರು ಬರೆಸೋಕಾಗಲ್ಲ, ಅಷ್ಟೇ.

ಇನ್ನು, ಕೋಡಿಂಗ್ ಸಾಕಾಯ್ತು, ಊರಿಗೆ ಹೋಗಿ ಸಮಾಜ ಸೇವೆ ಮಾಡ್ತೀನಿ ಅಂತ ವೀಕೆಂಡ್ ಊಟದಲ್ಲಿ ಹೇಳುವ ಗೆಳೆಯರಿಗೂ ಬಾಪಾ ಕಥೆಯಲ್ಲಿ ಉತ್ತರ ಇದೆ. ಸಾಲ ತೀರಿಸಿ, ಅಪ್ಪ ಅಮ್ಮನ ಹೊಣೆ ನೋಡಿಕೊಳ್ಳಿ. ಯಾವುದಾದರೂ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಬರೀ ಕಲಿಯೋದಕ್ಕೆ ಕೂತುಕೊಳ್ಳಿ. ತಿಂಗಳಿಗೆ ಎಷ್ಟಿದ್ದರೆ ಮನೆ ನಡೆಯುತ್ತೆ ಅಂತ ಹೆಂಡತಿಯೋ ಗಂಡನೋ ಜೊತೆ ಕೂತು ಕಾಗದದ ಮೇಲೆ ಬರೆದು, ಅಷ್ಟನ್ನು ನಾಚಿಕೆ ಇಲ್ಲದೆ ಕೇಳಿ. ನಲವತ್ತು ದಾಟಿತು ಅಂತ ಹೆದರಬೇಡಿ. ಅವರು ಶುರು ಮಾಡಿದ್ದು ನಲವತ್ನಾಲ್ಕಕ್ಕೆ.

ಮತ್ತೆ, ಮುಂದಿನ ಸಲ ಚಂದಾ ಎತ್ತುವಾಗ ಯಾರಾದರೂ "ಸೇವೆಗೆ ಸಂಬಳ ಯಾಕ್ರೀ" ಅಂದರೆ, ಫರ್ಗ್ಯುಸನ್ ಕಾಲೇಜಿನ ಆ 75 ರೂಪಾಯಿಯ ಕಥೆ ಹೇಳಿ ನೋಡಿ. ಚರ್ಚೆ ಆಮೇಲೆ ಮುಂದುವರಿಸೋಣ.