ಜನಪ್ರತಿನಿಧಿ

ಜನಪ್ರತಿನಿಧಿ: ಗ್ರಾಮ ಪಂಚಾಯಿತಿಯಿಂದ ಸಂಸತ್ತಿನವರೆಗೆ ಮತದಾರರಿಂದ ಆಯ್ಕೆಯಾದ ಯಾರಿಗೂ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಲ್ಲುವ ಪದ. ಶಾಸಕ–ಶಾಸಕಿ, ಸದಸ್ಯ–ಸದಸ್ಯೆ, ಅಧ್ಯಕ್ಷ–ಅಧ್ಯಕ್ಷೆ ಎಂಬ ಜೋಡಿರೂಪ ಇದಕ್ಕಿಲ್ಲ. ‘ಮಂತ್ರಿ’ಯೂ ಬಳಕೆಯಲ್ಲಿ ಹೀಗೆಯೇ. ಕನ್ನಡದ ಗೌರವ ಬಹುವಚನವೂ ಇದೇ ಕೆಲಸ ಮಾಡುತ್ತದೆ: ‘ಅಧ್ಯಕ್ಷರು ಬಂದರು’ ಎಂದಾಗ ನಾಮಪದದಲ್ಲಾಗಲಿ ಕ್ರಿಯಾಪದದಲ್ಲಾಗಲಿ ಲಿಂಗ ಕಾಣುವುದಿಲ್ಲ. ಆಡುಮಾತಿನ ಎಂಎಲ್ಎ, ಎಂಪಿ, ಮೆಂಬರ್ ಕೂಡ ಇದೇ ಸಾಲಿನವು.

ಉದಾಹರಣೆಗೆ, ಹಾಸನ ಜಿಲ್ಲೆಯ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಈ ಪದ ವ್ಯಾಪಿಸುವ ಸ್ಥಾನಗಳು ಹಲವು. ಮೊದಲ ಮೂರು ತಾಲ್ಲೂಕು ಕೇಂದ್ರಗಳ ಹೆಸರಿನಲ್ಲೇ ವಿಧಾನಸಭಾ ಕ್ಷೇತ್ರಗಳಿವೆ. ಚನ್ನರಾಯಪಟ್ಟಣ ಮಾತ್ರ ಶ್ರವಣಬೆಳಗೊಳ ಕ್ಷೇತ್ರಕ್ಕೆ ಸೇರಿದೆ. ನಾಲ್ಕೂ ಹಾಸನ ಲೋಕಸಭಾ ಕ್ಷೇತ್ರದೊಳಗಿವೆ. 1962ರಲ್ಲಿ ಹೊಳೆನರಸೀಪುರದಿಂದ ವಿಧಾನಸಭೆಗೆ ಬಂದ ಎಚ್.ಡಿ. ದೇವೇಗೌಡರು 1996ರಲ್ಲಿ ಪ್ರಧಾನಿಯಾದರು.

ಪದದ ನಿಜವಾದ ಅಗತ್ಯ ಕಂಡದ್ದು ಪಂಚಾಯಿತಿಗಳಲ್ಲಿ. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಮೀಸಲಿಟ್ಟಿತು. 2010ರ ತಿದ್ದುಪಡಿ ಅದನ್ನು ಶೇ. 50ಕ್ಕೆ ಏರಿಸಿತು. ಕಚೇರಿಯ ನಾಮಫಲಕದಲ್ಲಿ ಹೆಸರಿನ ಹಿಂದೆ ‘ಶ್ರೀಮತಿ’ ಇದ್ದರೂ ಕೆಳಗಿನ ಹುದ್ದೆ ‘ಅಧ್ಯಕ್ಷರು’ ಎಂದೇ ಇರುವುದುಂಟು. ಇದು ಸರಿಯಾದ ರೂಢಿ: ಅಧಿಕಾರ ಹುದ್ದೆಯದು. ಆದರೆ ಅಧ್ಯಕ್ಷರನ್ನು ಕರೆದಾಗ ಅವರ ಬದಲು ಗಂಡ ಎದ್ದು ನಿಲ್ಲುವ ಕಡೆ ‘ಅಧ್ಯಕ್ಷೆ’ ಎಂದು ಸ್ಪಷ್ಟವಾಗಿ ಹೇಳುವುದೇ ಮೇಲು. 2007ರಲ್ಲಿ ಪ್ರತಿಭಾ ಪಾಟೀಲರು ದೇಶದ ಮೊದಲ ಮಹಿಳಾ ರಾಷ್ಟ್ರಪತಿಯಾಗಿ ಆಯ್ಕೆಯಾದಾಗ ‘ರಾಷ್ಟ್ರಪತಿ’ ಪದದ ಬಗ್ಗೆಯೂ ಚರ್ಚೆ ನಡೆಯಿತು, ಪದ ಬದಲಾಗಲಿಲ್ಲ.