ಸಾಗುವಳಿ ಚೀಟಿ ಸುಮ್ನೆ ಕಾಗದ ಅಲ್ಲ, ನಮ್ಮ ಚರಿತ್ರೆ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಮಧುಗಿರಿ ಉಪವಿಭಾಗ. ಈ ನಾಲ್ಕು ತಾಲ್ಲೂಕಿನ ದಲಿತರ ಗ್ರ್ಯಾಂಟ್ ಜಮೀನು ಕೈತಪ್ಪಿದ್ರೆ ಮೊದಲ ಅರ್ಜಿ ಹಾಕೋದು ಮಧುಗಿರಿ ಎಸಿ ಕೋರ್ಟಿಗೆ. ಬೆಂಗಳೂರು ಬೆಳೀತಾ ನಮ್ಮ ಕಡೆಗೇ ಬರ್ತಿರೋ ಈ ಹೊತ್ತಲ್ಲಿ "ಹೊಲ ಉಳಿಸಿ" ಅಂತ ಎಲ್ಲರೂ ಹೇಳ್ತಾರೆ. ಆದ್ರೆ ಆ ಹೊಲ ನಮಗೆ ಹೇಗೆ ಬಂತು, ಹೇಗೆ ಹೋಯ್ತು ಅಂತ ತಿಳಿಯದೆ ಉಳಿಸೋಕಾಗಲ್ಲ.

ಮೊದಲು ನಮ್ಮವರಿಗಿದ್ದದ್ದು ಚಾಕರಿ ಜಮೀನು. ತೋಟಿ, ತಳವಾರ, ನೀರಗಂಟಿ ಕೆಲಸಕ್ಕೆ ಕೊಟ್ಟ ಇನಾಂ. ಊರಿನ ಚಾಕರಿ ಮಾಡಿದ್ರೆ ಮಾತ್ರ ತುಂಡು ಹೊಲ. ಮುಂಬೈ ಪ್ರಾಂತ್ಯದ ಮಹಾರ್ ವತನವೂ ಇಂಥದ್ದೇ. ಅದರ ವಿರುದ್ಧ ಬಾಬಾಸಾಹೇಬರು 1928ರಲ್ಲೇ ಮಸೂದೆ ಮಂಡಿಸಿದ್ರು. ನಮ್ಮಲ್ಲಿ ಈ ಪದ್ಧತಿ ಕಿತ್ತುಹಾಕೋಕೆ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬರಬೇಕಾಯ್ತು.

ಇನ್ನೊಂದು ದಾರಿ ದರಖಾಸ್ತು. ಸರ್ಕಾರ ಪುಕ್ಕಟೆಯಾಗಿ ಇಲ್ಲವೇ ಕಡಿಮೆ ಬೆಲೆಗೆ ಜಮೀನು ಕೊಟ್ಟು, ಇಂತಿಷ್ಟು ವರ್ಷ ಮಾರಬಾರದು, ಕೆಲವಕ್ಕೆ ಎಂದೆಂದಿಗೂ ಮಾರಬಾರದು ಅಂತ ಸಾಗುವಳಿ ಚೀಟಿಯಲ್ಲೇ ಷರತ್ತು ಬರೀತು. ಆದ್ರೂ ಬರ, ಮದುವೆ, ಕಾಯಿಲೆ, ಸಾಲ. ಒಂದು ಹೆಬ್ಬೆಟ್ಟಿಗೆ ಎಕರೆಗಟ್ಲೆ ಹೋಯ್ತು.

ಅದಕ್ಕೇ ದೇವರಾಜ ಅರಸು ಕಾಲದಲ್ಲಿ 1978ರ ಪಿಟಿಸಿಎಲ್ ಕಾಯ್ದೆ ಬಂತು. 1979ರ ಜನವರಿ 1ರಿಂದ ಜಾರಿ. ಷರತ್ತು ಮುರಿದು ಮಾಡಿದ ಕ್ರಯ ಅಸಿಂಧು. ಜಾರಿಯಾದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಗ್ರ್ಯಾಂಟ್ ಜಮೀನು ಪರಭಾರೆ ಮಾಡೋ ಹಾಗಿಲ್ಲ. ಪರಭಾರೆ ಅಂದ್ರೆ ಕ್ರಯ ಒಂದೇ ಅಲ್ಲ, ಅಡಮಾನ, ದಾನ, ಲೀಸು ಎಲ್ಲ ಸೇರುತ್ತೆ. ಜಮೀನು ಕೊಂಡವರು ಕೋರ್ಟಿಗೆ ಹೋದ್ರು, 1984ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನ ಎತ್ತಿಹಿಡೀತು. ಒಂದು ಕೊರತೆ ಮಾತ್ರ ಉಳೀತು: ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯ ಹುದ್ದೆಯ ಜಮೀನು ಈ ಕಾಯ್ದೆಯ "ಗ್ರ್ಯಾಂಟ್ ಜಮೀನು" ಅನ್ನೋ ಅರ್ಥದೊಳಗೆ ಬರಲ್ಲ. ತಲೆಮಾರುಗಟ್ಲೆ ಚಾಕರಿ ಮಾಡಿ ಉಳಿಸಿಕೊಂಡ ಹೊಲಕ್ಕೇ ಈ ರಕ್ಷಣೆ ಇಲ್ಲ!

2017ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ "ಸಮಂಜಸ ಕಾಲದೊಳಗೆ" ಅರ್ಜಿ ಹಾಕಬೇಕು ಅಂತು. ಅಕ್ಷರ ಗೊತ್ತಿಲ್ಲದ ಕೂಲಿಯವನಿಗೆ ಯಾವ ಕಾಲ ಸಮಂಜಸ? ಹೋರಾಟ ಮಾಡಿ 2023ರಲ್ಲಿ "ಕಾಲಮಿತಿ ಇಲ್ಲ" ಅನ್ನೋ ತಿದ್ದುಪಡಿ ತರಿಸಿದ್ವಿ. ಹಾಗಿದ್ರೂ ತಡವಾಯ್ತು ಅನ್ನೋ ವಾದ ಕೋರ್ಟುಗಳಲ್ಲಿ ನಿಂತಿಲ್ಲ.

ಜಮೀನು ಹೋಗೋಕೆ ಮಾರಲೇಬೇಕು ಅಂತಿಲ್ಲ. ಪಾವಗಡದ ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿಗಳ ಸುತ್ತ 13,000 ಎಕರೆ ಸೋಲಾರ್ ಪಾರ್ಕ್ ಆಯ್ತು, 2,050 ಮೆಗಾವ್ಯಾಟ್. ಜಮೀನು ಲೀಸಿಗೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಬರಗಾಲದ ಸೀಮೆಯಲ್ಲಿ ಅದು ಸಣ್ಣ ದುಡ್ಡಲ್ಲ, ನಿಜ. ಆದ್ರೆ ಬಾಡಿಗೆ ಬರೋದು ಪಹಣಿಯಲ್ಲಿ ಹೆಸರಿದ್ದೋರಿಗೆ. ಅದೇ ಹೊಲದಲ್ಲಿ ಕಳೆ ತೆಗೆದು, ಶೇಂಗಾ ಕಿತ್ತು ಬದುಕ್ತಿದ್ದ ಭೂಮಿ ಇಲ್ಲದ ಅಕ್ಕನಿಗೆ ಯಾವ ಪಹಣಿ?

ಖಾಸಗಿಯವರು ಕೊಂಡ್ರೆ ಕಾಯ್ದೆ ಇದೆ. ಸರ್ಕಾರವೇ ಸ್ವಾಧೀನಕ್ಕೆ ಬಂದ್ರೆ? ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಯವರು 1,777 ಎಕರೆಗಾಗಿ ಮೂರು ವರ್ಷ ದಾಟಿ ಧರಣಿ ಕೂತ್ರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳೇ ಸ್ವಾಧೀನ ಕೈಬಿಟ್ವಿ ಅಂತ ಹೇಳಬೇಕಾಯ್ತು. ರೈತರು, ದಲಿತರು, ಕೂಲಿಯವರು ಒಟ್ಟಿಗೆ ಕೂತಿದ್ರಿಂದ ಆದದ್ದು ಅದು.

ನಮ್ಮ ನಾಲ್ಕು ತಾಲ್ಲೂಕಲ್ಲಿ ಕೊರಟಗೆರೆ, ಪಾವಗಡ ಎರಡೂ ಮೀಸಲು ಕ್ಷೇತ್ರ. ಓಟಿನಲ್ಲಿರೋ ಮೀಸಲು ಹೊಲದಲ್ಲೂ ಇದೆಯಾ ಅಂತ ಊರೂರಲ್ಲಿ ಕೇಳಬೇಕು. ಅಜ್ಜಿಯ ಟ್ರಂಕಿನಲ್ಲಿರೋ ಸಾಗುವಳಿ ಚೀಟಿ ತೆಗೀರಿ. ಇಲ್ಲದಿದ್ರೆ ತಾಲ್ಲೂಕು ಕಚೇರಿಯಲ್ಲಿ ಮಂಜೂರಾತಿ ಕಡತದ ದೃಢೀಕೃತ ನಕಲು ಕೇಳಿ. ಸರ್ವೆ ನಂಬರ್, ಮಂಜೂರಾದ ವರ್ಷ, ಷರತ್ತು, ಈಗಿನ ಪಹಣಿ ಒಂದರ ಪಕ್ಕ ಒಂದಿಟ್ಟು ಓದಿ. ಜಮೀನು ಕೈತಪ್ಪಿದೆ ಅಂತ ಕಂಡ ದಿನವೇ ಎಸಿ ಕೋರ್ಟಿಗೆ ಅರ್ಜಿ ಹಾಕಿ, ಲೇಔಟಿನ ಕಲ್ಲು ಬೀಳೋ ತನಕ ಕಾಯಬೇಡಿ.

ಜೈ ಭೀಮ್.