ಹೊಸಿಲಾಚೆಯ ಪ್ರೇಮಿ

2014ನೇ ಇಸವಿ ಇರಬೇಕು. ಬೂವನಹಳ್ಳಿಯ ಶಾಲೆಯಲ್ಲಿ ಹತ್ತನೇ ತರಗತಿಗೆ ಮೊದಲನೇ ಮಹಾಯುದ್ಧದ ಪಾಠ ಮಾಡುತ್ತಿದ್ದೆ. ಮೂರನೇ ಬೆಂಚಿನ ಹುಡುಗಿಯೊಬ್ಬಳು ತಲೆ ಎತ್ತದೆ ಓದುತ್ತಿದ್ದಳು. ಇಷ್ಟು ಶ್ರದ್ಧೆ ಎಲ್ಲಿಂದ ಬಂತಪ್ಪಾ ಎಂದು ಹತ್ತಿರ ಹೋಗಿ ನೋಡಿದರೆ, ಸಮಾಜ ವಿಜ್ಞಾನದ ಪುಸ್ತಕದೊಳಗೆ ಇನ್ನೊಂದು ಪುಸ್ತಕ! ಕಪ್ಪು ರಟ್ಟು, ಅದರ ಮೇಲೆ ಕೆಂಪು ಸೇಬು ಹಿಡಿದ ಎರಡು ಕೈ. ಬೆಂಗಳೂರಿನಲ್ಲಿ ಓದುತ್ತಿದ್ದ ಅಕ್ಕ ತಂದುಕೊಟ್ಟಿದ್ದಳಂತೆ. ಅಮೆರಿಕದ ಸ್ಟೆಫನಿ ಮೆಯರ್ 2005ರಲ್ಲಿ ಪ್ರಕಟಿಸಿದ ‘ಟ್ವೈಲೈಟ್’. ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಕಿತ್ತುಕೊಂಡದ್ದೇನೋ ಸರಿ, ಕುತೂಹಲಕ್ಕೆ ಬೀಗ ಹಾಕುವವರು ಯಾರು? ಶನಿವಾರ ಮನೆಗೆ ತಂದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಹದಿನೇಳರ ಹುಡುಗಿ ಬೆಲ್ಲಾ. ಅವಳ ಸಹಪಾಠಿ ಎಡ್ವರ್ಡ್ ನೋಡಲು ಹದಿನೇಳರವನೇ, ಆದರೆ ಹುಟ್ಟಿದ್ದು 1901ರಲ್ಲಿ. 1918ರ ಇನ್‌ಫ್ಲುಯೆಂಜಾ ಮಾರಿಗೆ ಸಿಕ್ಕಿ ಸಾಯುತ್ತಿದ್ದವನು ರಕ್ತಪಿಶಾಚಿಯಾಗಿ ಉಳಿದುಕೊಂಡವನು. ಮನುಷ್ಯರ ರಕ್ತ ಬಿಟ್ಟು ಪ್ರಾಣಿಗಳ ರಕ್ತ ಕುಡಿದು, ಅದಕ್ಕೇ ತಮ್ಮನ್ನು ಸಸ್ಯಾಹಾರಿಗಳೆಂದು ಕರೆದುಕೊಳ್ಳುವ ಮನೆತನ! ನಾನು ಹೇಳುತ್ತಿದ್ದ ಪಾಠದ ಕಾಲದವನೇ ಈ ಮಹಾರಾಯ ಎಂದು ನಗು ಬಂತು.

ಸೋಮವಾರ ಸ್ಟಾಫ್ ರೂಮಿನಲ್ಲಿ ಕಥೆ ಹೇಳಿದ್ದೇ ತಡ, ದೊಡ್ಡ ಚರ್ಚೆಯಾಯಿತು. ಇಂಗ್ಲಿಷ್ ಮೇಡಂ, “ಎಷ್ಟು ಸಂಯಮ ನೋಡಿ ಅವನಿಗೆ! ಹಸಿವಿದ್ದರೂ ಅವಳನ್ನ ಮುಟ್ಟಲ್ಲ. ನಮ್ಮ ಗಂಡಂದಿರಿಗೆ ಊಟ ಹತ್ತು ನಿಮಿಷ ತಡವಾದರೆ ಸಾಕು, ಮನೆ ಹಾರಿಹೋಗುತ್ತೆ” ಎಂದರು. ವಿಜ್ಞಾನದ ಮೇಡಂ, “ಅವಳಿಗೆ ಗೊತ್ತಿಲ್ಲದ ಹಾಗೆ ರಾತ್ರಿ ಕೋಣೆಗೆ ಬಂದು, ಮಲಗಿದವಳನ್ನ ನೋಡ್ತಾ ಕೂರ್ತಾನಂತಲ್ಲ, ಅದೆಂಥ ಸಂಯಮ? ಪೊಲೀಸರಿಗೆ ಹಿಡಿದುಕೊಡಬೇಕು” ಎಂದರು. ಬಿಸಿಯೂಟದ ಲೆಕ್ಕ ಬರೆಸಲು ಬಂದಿದ್ದ ಅಡುಗೆಯಮ್ಮ ಎಲ್ಲ ಕೇಳಿಸಿಕೊಂಡು, “ಕರೆದಿದ್ದಕ್ಕೆ ಬಂದ್ನಾ, ಕರೀದೇ ಬಂದ್ನಾ ಮಿಸ್ಸು? ಅದನ್ನೇಳಿ ಮೊದ್ಲು” ಎಂದಳು.

ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಇತಿಹಾಸ ಹೇಳುವವಳಲ್ಲವೇ, ಈ ರಕ್ತಪಿಶಾಚಿಯ ಪೂರ್ವೋತ್ತರ ಹುಡುಕತೊಡಗಿದೆ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲವಂತೆ. ಆ ಮಳೆಯಲ್ಲಿ ಜಿನೀವಾ ಸರೋವರದ ಬಳಿ ಮನೆಯೊಳಗೇ ಉಳಿದ ಕವಿ ಬೈರನ್ನನ ಗೆಳೆಯರು ದೆವ್ವದ ಕಥೆ ಬರೆಯುವ ಪಂಥ ಕಟ್ಟಿದರು. ಹದಿನೆಂಟರ ಮೇರಿಯಿಂದ ‘ಫ್ರಾಂಕೆನ್‌ಸ್ಟೈನ್’ ಹುಟ್ಟಿತು. ಬೈರನ್ನನ ವೈದ್ಯ ಪೊಲಿಡೋರಿ ಬರೆದ ‘ದಿ ವ್ಯಾಂಪೈರ್’ 1819ರಲ್ಲಿ ಅಚ್ಚಾಯಿತು. ಹಳ್ಳಿಗರ ಮಾತಿನಲ್ಲಿ ಊದಿಕೊಂಡ ಹೆಣವಾಗಿದ್ದ ಪಿಶಾಚಿ ಅಲ್ಲಿ ಮೊದಲ ಸಲ ಸಭ್ಯ ಉಡುಪು ತೊಟ್ಟು ಶ್ರೀಮಂತರ ದಿವಾನಖಾನೆಗೆ ಬಂದ. 1872ರ ‘ಕಾರ್ಮಿಲ್ಲಾ’ದಲ್ಲಿ ಪಿಶಾಚಿಯೇ ಹೆಣ್ಣು. 1897ರಲ್ಲಿ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಬಂತು. ಅದರಲ್ಲೊಂದು ಕಟ್ಟಳೆ ಇದೆ: ಮನೆಯವರು ಯಾರಾದರೂ ಒಮ್ಮೆ ಒಳಗೆ ಕರೆಯದೆ ಅವನು ಹೊಸಿಲು ದಾಟುವಂತಿಲ್ಲ. ನಮ್ಮ ಅಡುಗೆಯಮ್ಮ ಕೇಳಿದ್ದೂ ಇದನ್ನೇ ತಾನೆ?

ನಮ್ಮಲ್ಲೇನು ಕಡಿಮೆ? ‘ಚಂದಮಾಮ’ದ ಬೇತಾಳನ ಹೆಗಲೇರಿಯೇ ನಮ್ಮ ತಲೆಮಾರು ಓದು ಕಲಿತದ್ದು. ಆ ಬೇತಾಳ ಯಾರ ರಕ್ತವನ್ನೂ ಕುಡಿದವನಲ್ಲ, ಪ್ರಶ್ನೆ ಕೇಳಿದವನು. ಆದರೂ ರಿಚರ್ಡ್ ಬರ್ಟನ್ 1870ರಲ್ಲಿ ಆ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಅವನನ್ನು ‘ವ್ಯಾಂಪೈರ್’ ಮಾಡಿಬಿಟ್ಟ. ನಾನು ಹೈಸ್ಕೂಲಿನಲ್ಲಿದ್ದಾಗ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ದ ಹುಚ್ಚು. 1985ರಲ್ಲಿ ಕನ್ನಡದಲ್ಲಿ ಸಿನಿಮಾವೂ ಆಯಿತು. ಪುಟ್ಟ ಹುಡುಗಿಯ ಮೇಲೆ ಮಾಟ ಮಾಡಿಸುವ ಕಥೆ. ಕಂಬಳಿಯೊಳಗೆ ಬ್ಯಾಟರಿ ಹಿಡಿದು ಓದುತ್ತಿದ್ದವಳ ಕೈಯಿಂದ ಅಪ್ಪ ಅದನ್ನು ಕಿತ್ತುಕೊಂಡಿದ್ದರು. ನಾನು ಅತ್ತಿದ್ದು ದೆವ್ವದ ಭಯಕ್ಕಲ್ಲ, ಮುಂದೇನಾಯಿತೆಂದು ತಿಳಿಯದೇ ಹೋಯಿತಲ್ಲ ಎಂದು!

1990ರ ದಶಕದ ‘ನಾಳೆ ಬಾ’ ನಿಮಗೂ ನೆನಪಿರಬೇಕು. ರಾತ್ರಿ ಹೊತ್ತು ದೆವ್ವವೊಂದು ಮನೆಯವರದೇ ದನಿಯಲ್ಲಿ ಕೂಗುತ್ತದೆ, ಓಗೊಟ್ಟು ಬಾಗಿಲು ತೆರೆದರೆ ಮುಗಿಯಿತು ಎಂಬ ಪುಕಾರು. ಬೆಂಗಳೂರಿನಲ್ಲೂ ಹಳ್ಳಿಗಳಲ್ಲೂ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಓದಿಕೊಂಡು ಹಿಂದೆ ಹೋಗಬೇಕು, ಮರುದಿನವೂ ಅದೇ ಅಕ್ಷರ. ಬಿ.ಎಡ್. ಮುಗಿಸಿದ್ದ ನಾನೇ ಅಮ್ಮನ ಬಲವಂತಕ್ಕೆ ಸೀಮೆಸುಣ್ಣ ಹಿಡಿದು ಬರೆದೆ, ಸುಳ್ಳೇಕೆ ಹೇಳಲಿ? ಲಂಡನ್ನಿನ ಡ್ರಾಕುಲಾನಿಗೂ ನಮ್ಮ ಬೀದಿಯ ದೆವ್ವಕ್ಕೂ ಒಂದೇ ನಿಯಮ: ಒಳಗಿರುವವರು ಒಪ್ಪಬೇಕು.

ಹಾಗಾದರೆ ಪಿಶಾಚಿಯನ್ನು ಪ್ರೀತಿಸುವುದು ಯಾಕೆ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ. 1988ರ ಆ ನಾಟಕಕ್ಕೆ ಮೂಲ ಎ.ಕೆ. ರಾಮಾನುಜನ್ನರಿಂದ ಅವರು ಕೇಳಿದ ನಮ್ಮ ಜನಪದ ಕಥೆಗಳು. 1997ರಲ್ಲಿ ನಾಗಾಭರಣರು ಸಿನಿಮಾ ಮಾಡಿದರು. ಹಗಲು ಉಂಡು, ಹೆಂಡತಿ ರಾಣಿಯನ್ನು ಮನೆಯೊಳಗಿಟ್ಟು ಬೀಗ ಹಾಕಿಕೊಂಡು ಸೂಳೆಯ ಮನೆಗೆ ಹೋಗುವ ಗಂಡ ಅಪ್ಪಣ್ಣ. ರಾತ್ರಿ ಅದೇ ಗಂಡನ ರೂಪದಲ್ಲಿ ಬಂದು, ಕೂರಿಸಿಕೊಂಡು ಮಾತನಾಡಿಸುವ ನಾಗ. ಬಾಗಿಲಿಗೆ ಬೀಗವಿರುವ ಮನೆಯೊಳಗೆ ಹಾವಲ್ಲದೆ ಇನ್ನಾರು ಬರಲು ಸಾಧ್ಯ? ಹೆಂಗಸರು ಇಂಥ ಕಥೆ ಕಟ್ಟಿದ್ದು ವಿಷದ ಆಸೆಗಲ್ಲ, ಎರಡು ಒಳ್ಳೆಯ ಮಾತಿನ ಆಸೆಗೆ. ಆದರೂ ಒಂದು ಮುಳ್ಳು ಉಳಿಯುತ್ತದೆ. ಬಂದವನು ಯಾರೆಂದು ರಾಣಿಗೆ ತಿಳಿಸಲೇ ಇಲ್ಲವಲ್ಲ! ಬಸಿರಾದಾಗ ಊರ ಮುಂದೆ ಹುತ್ತಕ್ಕೆ ಕೈಹಾಕಿ ಸತ್ಯ ಮಾಡಬೇಕಾದವಳೂ ಅವಳೇ.

ಪುಸ್ತಕ ಹಿಂದಿರುಗಿಸಲು ಹುಡುಗಿಯನ್ನು ಕರೆದೆ. ಬೈಗುಳ ನಿರೀಕ್ಷಿಸಿ ನಿಂತಿದ್ದವಳಿಗೆ, “ಎಡ್ವರ್ಡ್ ಕೇಳದೆ ಕೋಣೆಗೆ ಬರ್ತಾನಲ್ಲ, ಅದು ನಿನಗೆ ಹೇಗನ್ನಿಸ್ತು?” ಎಂದೆ. ಬಹಳ ಹೊತ್ತು ಸುಮ್ಮನಿದ್ದು, “ಹಿಂದೆ ಹಿಂದೆ ಬರೋದು ಪ್ರೀತಿ ಅಲ್ವಾ ಮಿಸ್?” ಎಂದಳು. ಕಣ್ಣು ತುಂಬಿತ್ತು. ಕೆದಕಿದಾಗ ತಿಳಿಯಿತು: ಯಾವನೋ ಒಬ್ಬ ತಿಂಗಳುಗಟ್ಟಲೆಯಿಂದ ಬಸ್‌ಸ್ಟಾಪಿನಿಂದ ಮನೆಯ ತಿರುವಿನವರೆಗೆ ಬೈಕಿನಲ್ಲಿ ಹಿಂಬಾಲಿಸುತ್ತಿದ್ದ. ಗೆಳತಿಯರು ಅದೃಷ್ಟವಂತೆ ಎನ್ನುತ್ತಿದ್ದರಂತೆ. ಇವಳಿಗೆ ರಾತ್ರಿ ನಿದ್ದೆಯಿಲ್ಲ.

ಮನೆಗೆ ಹೋದೆ. ತಾಯಿ ಮೊದಲು ಹೇಳಿದ್ದು, “ಪುಸ್ತಕ ಓದಿ ಕೆಟ್ಟಳು ಮಿಸ್ಸು, ಸ್ಕೂಲು ಬಿಡಿಸಿಬಿಡ್ತೀವಿ.” ಎದೆ ಧಸಕ್ಕೆಂದಿತು. ತಪ್ಪು ಮಾಡಿದವನು ಬೀದಿಯಲ್ಲಿ, ಬೀಗ ಮಾತ್ರ ಇವಳಿಗೆ! ಅಪ್ಪಣ್ಣ ಎಲ್ಲ ಮನೆಗಳಲ್ಲೂ ಇದ್ದಾನೆ, ಕೆಲವೊಮ್ಮೆ ಸೀರೆ ಉಟ್ಟಿರುತ್ತಾನೆ. “ಪುಸ್ತಕದಿಂದ ಕೆಡಲಿಲ್ಲ ಕಣವ್ವ, ಪುಸ್ತಕದ ನೆಪದಿಂದ ಬಾಯಿ ಬಿಟ್ಟಳು” ಎಂದೆ. ಬೇಡವೆಂದರೂ ಹೆಣ್ಣನ್ನು ಹಿಂಬಾಲಿಸುವುದು 2013ರಿಂದ ಅಪರಾಧವೆಂದು ಕಾನೂನೇ ಹೇಳುತ್ತದೆ ಎಂದು ತಿಳಿಸಿದೆ. ಮಾರನೆಯ ದಿನ ಅವಳ ತಂದೆ, ನಾನು ಇಬ್ಬರೂ ಬಸ್‌ಸ್ಟಾಪಿನಲ್ಲಿ ನಿಂತು ಅವನೊಡನೆ ಮಾತನಾಡಿದೆವು. ಅವನು ಮತ್ತೆ ಆ ದಾರಿಗೆ ಬರಲಿಲ್ಲ. ಅವಳು ಪರೀಕ್ಷೆ ಬರೆದಳು, ಪಾಸಾದಳು.

ಕೆಲವು ವರ್ಷಗಳ ನಂತರ ಹಾಸನದ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು. ನರ್ಸಿಂಗ್ ಓದುತ್ತಿದ್ದಳು. ಕಾಲಿಗೆ ಬಗ್ಗಿದವಳು ಎದ್ದ ಕೂಡಲೇ, “ಮುಂದಿನ ಭಾಗ ಓದಿದ್ರಾ ಮಿಸ್?” ಎಂದಳು. ಮೂರನೆಯದರಲ್ಲಿ ಬೆಲ್ಲಾ ತನ್ನ ಗೆಳೆಯನನ್ನು ನೋಡಲು ಹೋಗದಂತೆ ಎಡ್ವರ್ಡ್ ಅವಳ ಗಾಡಿಯ ಎಂಜಿನ್ನನ್ನೇ ಕೆಡಿಸಿಡುತ್ತಾನಂತೆ.

“ಅಲ್ಲಿಗೆ ಪುಸ್ತಕ ಮುಚ್ಚಿಬಿಟ್ಯಾ?” ಎಂದೆ.

“ಇಲ್ಲ ಮಿಸ್, ಪೂರ್ತಿ ಓದಿದೆ. ಅವನನ್ನ ಬೈಕೊಂಡು ಓದಿದೆ” ಎಂದು ನಕ್ಕಳು.